ಕೆಸರಿನಿಂದ ಮೊಸರಿಗೆ ಎಷ್ಟು ದೂರ?

ಕೈ ಕೆಸರಾದರೆ ಬಾಯಿ ಮೊಸರು. ಪರೀಕ್ಷೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಎಂದರೆ ಮಕ್ಕಳು ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ: ದುಡಿಯಬೇಕು, ಸೋಮಾರಿಯಾಗಬಾರದು, ದುಡಿದವರಿಗೆ ಸುಖ ಕಟ್ಟಿಟ್ಟ ಬುತ್ತಿ. ಅಂಕವೂ ಪೂರ್ತಿ ಸಿಗುತ್ತದೆ. ಮನೆಯಲ್ಲೂ ಈ ಮಾತು ಹೊರಬೀಳುವುದು ಕೆಲಸಗಳ್ಳರನ್ನು ಕಂಡಾಗಲೇ. ಹೀಗೆ ಗಾದೆಯ ಮೊದಲರ್ಧವನ್ನು ತಿದ್ದಿ ತೀಡಿದ ನಾವು ಎರಡನೆಯ ಅರ್ಧವನ್ನು ತಾನಾಗಿ ನಡೆಯುವ ಸಂಗತಿಯೆಂದು ಬಿಟ್ಟುಬಿಟ್ಟಿದ್ದೇವೆ. ಕೈ ಕೆಸರಾಯಿತು, ಸರಿ. ಮೊಸರು ಬಂತೇ? ಶಿವಮೊಗ್ಗ, ಭದ್ರಾವತಿಗಳಲ್ಲಿ ದಿನಗೂಲಿಯ ಮೇಲೆ ಒಲೆ ಹಚ್ಚುವ ಮನೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಗಾದೆಯ ತವರು ಗದ್ದೆ. ಅದರ ಕೆಸರು ನಾಟಿಯ ಕೆಸರು. ಅದರ ಮೊಸರು ಅದೇ ಮನೆಯ ಕೊಟ್ಟಿಗೆಯದು. ಹುಲ್ಲು ದನಕ್ಕೆ, ಗೊಬ್ಬರ ಗದ್ದೆಗೆ, ಅಕ್ಕಿ ಹಾಲು ಮನೆಮಂದಿಗೆ. ಕೈಗೂ ಬಾಯಿಗೂ ನಡುವೆ ಅಂಗಡಿಯಿಲ್ಲ, ಮೇಸ್ತ್ರಿಯಿಲ್ಲ, ಉದ್ರಿ ಪುಸ್ತಕವಿಲ್ಲ. ಗಾದೆ ಸುಳ್ಳಾಗದಿರುವುದು ಈ ಒಂದು ಏರ್ಪಾಡಿನಲ್ಲಿ: ಗದ್ದೆಯೂ ದನವೂ ದುಡಿಯುವವರದೇ ಆಗಿದ್ದಾಗ. ಪರರ ಗದ್ದೆಗಿಳಿದ ಆಳಿಗೆ ಅಂದೂ ಖಾತ್ರಿಯಿದ್ದದ್ದು ಕೆಸರು ಮಾತ್ರ. ಮೊಸರು ಕಡೆದು ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆ ಅವರ ಗಂಜಿಗೆ ಬೀಳುತ್ತಿತ್ತು. ಆದರೂ ಮಜ್ಜಿಗೆ ಮಾರಬಾರದು, ಕೇಳಿ ಬಂದವರಿಗೆ ಇಲ್ಲ ಎನ್ನಬಾರದು ಎಂಬ ಕಟ್ಟಳೆ ಹಳ್ಳಿಗಳಲ್ಲಿತ್ತು. ಬಡವರ ಅನ್ನಕ್ಕೆ ಒಂದಿಷ್ಟು ಹುಳಿ, ಒಂದಿಷ್ಟು ಸತ್ವ ಸಿಗುತ್ತಿದ್ದದ್ದು ಆ ಕಟ್ಟಳೆಯ ದಯೆಯಿಂದ. ಪೇಟೆಗೆ ಬಂದವರ ಪಾಲಿಗೆ ಅದೂ ಇಲ್ಲ.

ಈ ಸೀಮೆಯ ಕೈಗಳಿಗೆ ಮೆತ್ತಿಕೊಂಡ ಕೆಸರು ಒಂದೇ ಬಗೆಯದಲ್ಲ. ಭದ್ರಾ ನಾಲೆಯ ಬಯಲಲ್ಲಿ ನಾಟಿ ಮಾಡುವ ಹೆಣ್ಣಾಳುಗಳ ಕೈಗೆ ಇಂದಿಗೂ ಗದ್ದೆಯ ಕೆಸರೇ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯಲು ಕೂತವರ ಬೆರಳಿಗೆ ಹತ್ತುವ ಕರೆ ಸೋಪಿಗೆ ಜಗ್ಗುವುದಿಲ್ಲ. ಭದ್ರಾವತಿಯದು ಇನ್ನೊಂದು ಕಥೆ. ವಿಶ್ವೇಶ್ವರಯ್ಯನವರ ಮುಂದಾಳ್ತನದಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಊರೂರಿಂದ ಬಂದ ಜನರ ಕೈ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಅದರ ಜೊತೆಗೂಡಿತು. ಆಗ ಕಾರ್ಖಾನೆಯ ಕಾಯಂ ನೌಕರನ ಮಟ್ಟಿಗೆ ಗಾದೆ ನಿಜವೇ ಆಗಿತ್ತು: ಕೈಗೆ ಮಸಿ, ತಿಂಗಳಿಗೆ ಸಂಬಳ, ಇರಲು ಕ್ವಾರ್ಟರ್ಸ್, ತಟ್ಟೆಯಲ್ಲಿ ಮೊಸರನ್ನ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆಮೇಲೆ ಕೆಲಸ ಒಂದಿಷ್ಟು ಮತ್ತೆ ಶುರುವಾಯಿತು. ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಕ್ಕೀತೆಂದು ಗೊತ್ತಿಲ್ಲದವರ ಅಡುಗೆಮನೆಯಲ್ಲಿ ಲೆಕ್ಕ ನಡೆಯುವುದು ಒಂದೊಂದೇ ದಿನಕ್ಕೆ.

ಈ ಎರಡು ಊರುಗಳ ನಡುವೆ, ಹೆದ್ದಾರಿಯ ಮಗ್ಗುಲಲ್ಲಿ ಮಾಚೇನಹಳ್ಳಿಯಿದೆ. ಅಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿರುವ ಕೈಗಾರಿಕಾ ಪ್ರದೇಶವಿದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟದ ಡೇರಿಯೂ ಅಲ್ಲೇ ಇದೆ. ಎರಕದ ಕಪ್ಪು ಮರಳಲ್ಲಿ ಕೈಯಾಡಿಸುವವರೂ ಪೊಟ್ಟಣ ಸೇರುವ ಮೊಸರೂ ಒಂದೇ ಊರಿನಲ್ಲಿ. ಕೆಸರಿಗೂ ಮೊಸರಿಗೂ ಅಳತೆಯ ದೂರ ಇಷ್ಟು ಕಡಿಮೆಯಿರುವ ಜಾಗ ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ಅಲ್ಲಿನ ಕೂಲಿಯವರ ಮನೆಗೆ ಆ ಪೊಟ್ಟಣ ಹೋಗಬೇಕಾದರೆ ಬಲು ಸುತ್ತು ದಾರಿ: ಗುತ್ತಿಗೆದಾರ ಕೊಡುವ ಕೂಲಿ, ಅದರಲ್ಲಿ ಬಾಡಿಗೆ, ಬಸ್ ಚಾರ್ಜು, ಔಷಧಿ, ಸಂಘದ ಸಾಲದ ಕಂತು, ಕೊನೆಗೆ ಅಂಗಡಿ. ಪೊಟ್ಟಣದ ಮೊಸರಿಗೆ 2022ರ ಜುಲೈನಲ್ಲಿ ಜಿಎಸ್‌ಟಿ ಸೇರಿತು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು, ಮೊಸರಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಅದರಲ್ಲಿ ದನ ಸಾಕಿದವರ ಕೆಸರುಗೈಗೂ ಪಾಲಿದೆ, ತಪ್ಪೆನ್ನುವಂತಿಲ್ಲ. ಆದರೆ ಸಂಬಳದಾರನ ಮನೆಯಲ್ಲಿ ಗೊಣಗಾಟದಲ್ಲೇ ಮುಗಿಯುವ 4 ರೂಪಾಯಿ, ದಿನಗೂಲಿಯ ಮನೆಯಲ್ಲಿ ಪೊಟ್ಟಣವನ್ನೇ ಪಟ್ಟಿಯಿಂದ ಹೊಡೆದುಹಾಕುತ್ತದೆ.

ಹಾಗಾದರೆ ಬಾಯಿಗೆ ಬರುವುದೇನು? ಮೊದಲು, ಅಕ್ಕಿ. 2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯ ಈ ಮನೆಗಳ ಹಸಿವನ್ನು ದೂರ ನಿಲ್ಲಿಸಿದೆ. ಅದರ ಬಗ್ಗೆ ಹಗುರಾಗಿ ಮಾತಾಡುವವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಲ್ಲ. ತಲೆಗೆ ತಿಂಗಳಿಗೆ 10 ಕಿಲೋ ಸಿಕ್ಕಿತೆಂದರೂ ದಿನಕ್ಕೆ ಸುಮಾರು 330 ಗ್ರಾಂ. ಅದರಿಂದ ಬರುವ ಶಕ್ತಿ 1,150 ಕಿಲೋಕ್ಯಾಲರಿಯ ಆಸುಪಾಸು. ಐಸಿಎಂಆರ್ ಲೆಕ್ಕದಲ್ಲಿ ಕಷ್ಟದ ಮೈಗೆಲಸ ಮಾಡುವ ಗಂಡಸಿಗೆ ದಿನಕ್ಕೆ ಬೇಕಾದದ್ದು 3,470. ಅಂದರೆ ಮೂರರಲ್ಲಿ ಒಂದು ಪಾಲು ರೇಷನ್ನಿನಿಂದ ಬಂತು. ಮಿಕ್ಕಿದ್ದಕ್ಕೆ ಬೇಳೆ, ಎಣ್ಣೆ, ಕಾಯಿಪಲ್ಯವನ್ನು ಕೂಲಿಯ ದುಡ್ಡಲ್ಲಿ ತರಬೇಕು. ಈ ಹತ್ತರಲ್ಲಿ ಹೆಚ್ಚುವರಿಯಾದ 5 ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವ ತೀರ್ಮಾನವನ್ನು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಮಾಡಿತು. ಬರಿ ಅನ್ನದಿಂದ ಊಟವಾಗದು ಎಂಬುದನ್ನು ಅಡುಗೆಮನೆ ಎಂದೋ ಹೇಳಿತ್ತು.

ಆ ಅಡುಗೆಮನೆಯ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಹಿಡಿ ಹುರುಳಿ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳಿನಲ್ಲಿ ಪಲ್ಯ. ಮಳೆಗಾಲದಲ್ಲಿ ಕೆಸುವಿನ ಎಲೆ, ಕಳಲೆ. ಒಣಗಿಸಿಟ್ಟ ಹಲಸಿನ ಬೀಜ. ಬೇಲಿ ಪಕ್ಕದ ಒಂದೆಲಗ. ಸಂಜೆ ಕತ್ತಲಾಗುವ ಹೊತ್ತಿಗೆ ಮಾರ್ಕೆಟ್ಟಿಗೆ ಹೋದರೆ ಬಾಡಿದ ತರಕಾರಿ ಗುಡ್ಡೆ ಲೆಕ್ಕದಲ್ಲಿ ಕಡಿಮೆಗೆ ಸಿಗುತ್ತದೆ. ಮೊಸರಿನ ವಿಷಯದಲ್ಲಂತೂ ಮಲೆನಾಡಿನ ಹೆಂಗಸರ ಗಣಿತವೇ ಬೇರೆ. ಪೊಟ್ಟಣ ಕೊಳ್ಳುವ ಬದಲು ಹಾಲಿಗೆ ಹೆಪ್ಪು ಹಾಕಿದರೆ ಅಗ್ಗ. ಆ ಮೊಸರಿಗೆ ನೀರು ಸೇರಿಸಿ ಮಜ್ಜಿಗೆ. ಮಜ್ಜಿಗೆಗೆ ಸೊಪ್ಪು, ಜೀರಿಗೆ ಅರೆದು ಹಾಕಿ ತಂಬುಳಿ. ಒಂದು ಲೋಟ ಮೊಸರು ಹೀಗೆ ಐದು ತಟ್ಟೆಗೆ ಮುಟ್ಟುತ್ತದೆ.

ಮುಟ್ಟುತ್ತದೆ, ನಿಜ, ಆದರೆ ಎಷ್ಟು? ಆರೋಗ್ಯವಂತ ವಯಸ್ಕರ ದಿನದ ತಟ್ಟೆಯಲ್ಲಿ 300 ಮಿಲಿಲೀಟರ್ ಹಾಲು ಇಲ್ಲವೇ ಮೊಸರು ಇರಲಿ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ನಾಲ್ಕು ಜನರಿಗೆ ಅರ್ಧ ಲೀಟರ್ ಹಂಚಿದರೆ ತಲೆಗೆ 125. ಅರ್ಧ ಲೀಟರೂ ದಿನವೂ ಬರುವುದಿಲ್ಲ. ದುಡ್ಡು ಬಿಗಿಯಾದಾಗ ಮೊದಲು ಹಣ್ಣು ಬಿಟ್ಟುಹೋಗುತ್ತದೆ, ಆಮೇಲೆ ಮೊಸರು, ಆಮೇಲೆ ಬೇಳೆ ತೆಳುವಾಗುತ್ತದೆ. ಚಹಾ ಮಾತ್ರ ಉಳಿಯುತ್ತದೆ, ಹಸಿವನ್ನು ಒಂದು ಗಳಿಗೆ ಸುಮ್ಮನಿರಿಸಲು. ತಟ್ಟೆಗಳಲ್ಲೂ ಸರತಿಯಿದೆ: ಕೆಲಸಕ್ಕೆ ಹೋಗುವ ಗಂಡಸು, ಶಾಲೆಗೆ ಹೋಗುವ ಮಕ್ಕಳು, ಕೊನೆಗೆ ಅಡುಗೆ ಮಾಡಿದವಳು. ಹೊರಗಿನ ಕೂಲಿಯ ಜೊತೆಗೆ ಮನೆಯ ಪಾತ್ರೆ, ಬಟ್ಟೆ, ಒಲೆ ಎಲ್ಲವನ್ನೂ ಮುಟ್ಟಿದ ಅವಳ ಕೈಗಿಂತ ಕೆಸರಾದ ಕೈ ಆ ಮನೆಯಲ್ಲಿಲ್ಲ. ಗಾದೆ ತೀರಾ ಸುಳ್ಳಾಗುವುದು ಅವಳ ಬಾಯಿಯ ಹತ್ತಿರ.

ಪೇಟೆಯಲ್ಲಿ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಜಿಲ್ಲೆಗಳಿಗೆ ಹಬ್ಬಿದ ಈ ಏರ್ಪಾಡಿನಲ್ಲಿ ತಿಂಡಿಗೆ 5, ಎರಡು ಊಟಕ್ಕೆ ಹತ್ತು ಹತ್ತು. ಒಟ್ಟು 25 ರೂಪಾಯಿಗೆ ಒಂದು ದಿನ ಕಳೆಯುತ್ತದೆ. ಹಮಾಲಿ, ಆಟೋದವರು, ಆಸ್ಪತ್ರೆಗೆ ಬಂದ ಹಳ್ಳಿಯವರಿಗೆ ಇದು ದೊಡ್ಡ ಆಸರೆ. ಆದರೆ ಮನೆಮಂದಿಯೆಲ್ಲ ಮೂರು ಹೊತ್ತೂ ಕ್ಯಾಂಟೀನಿಗೆ ಬರಲಾಗದು. ಅಲ್ಲದೆ 25 ರೂಪಾಯಿಗೆ ಊಟ ಸಿಗುತ್ತಿರುವುದು ಉಳಿದ ಖರ್ಚನ್ನು ಸರ್ಕಾರ ಹೊರುವುದರಿಂದ. ಇದನ್ನು ಮರೆತು ‘ಅಷ್ಟರಲ್ಲೇ ಬದುಕಬಹುದಲ್ಲ’ ಎನ್ನುವವರಿಗೆ 2011ರ ಪ್ರಸಂಗ ನೆನಪಿರಲಿ. ಪೇಟೆಯಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡಬಲ್ಲವರು ಬಡವರಲ್ಲ ಎಂಬರ್ಥದ ಪ್ರಮಾಣಪತ್ರವನ್ನು ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟು ದೇಶದ ತುಂಬ ಬೈಸಿಕೊಂಡಿತು. ಬಡವರು ಕಡಿಮೆಯಲ್ಲಿ ಉಣ್ಣಬಲ್ಲರು ಎಂಬುದು ಅವರ ಕಸುಬುದಾರಿಕೆ. ಅದನ್ನೇ ಅವರ ಕೂಲಿಯ ಅಳತೆಗೋಲು ಮಾಡುವುದು ಅನ್ಯಾಯ.

ಹಾಗಾದರೆ ಗಾದೆಯನ್ನು ಹೇಗೆ ಓದುವುದು? ಅದರಲ್ಲಿ ದುಡಿಯುವವರಿಗೆ ಬುದ್ಧಿಮಾತು ಇರುವಷ್ಟೇ ದುಡಿಸಿಕೊಳ್ಳುವವರ ಮೇಲೊಂದು ಸಾಲವೂ ಇದೆ. ಕೈ ತನ್ನ ಪಾಲಿನ ಮಾತು ಉಳಿಸಿಕೊಂಡಿದೆ: ಗದ್ದೆಯಲ್ಲಿ, ಕುಲುಮೆಯಲ್ಲಿ, ಸುಲಿಯುವ ಮನೆಯಲ್ಲಿ. ಮೊಸರು ತೆಳುವಾದದ್ದು ಹಂಚಿಕೆಯಲ್ಲಿ, ಸೋಮಾರಿತನದಲ್ಲಿ ಅಲ್ಲ. ಅನ್ನ ಕೊಟ್ಟು ಹಸಿವು ನೀಗಿಸಿದರೆ ಸಾಲದ ಅರ್ಧ ತೀರಿತು, ಅಷ್ಟೇ. ಗಾದೆ ಮಾತುಕೊಟ್ಟದ್ದು ಮೊಸರಿಗೆ, ಗಂಜಿಗಲ್ಲ. ಶಾಲೆಯ ಮಕ್ಕಳು ಈ ಗಾದೆಯನ್ನು ಸಾಕಷ್ಟು ವಿಸ್ತರಿಸಿದ್ದಾರೆ. ಇನ್ನು ಕನಿಷ್ಠ ಕೂಲಿ ಗೊತ್ತುಮಾಡುವವರು, ಗುತ್ತಿಗೆ ಬರೆಯುವವರು ಅದನ್ನು ವಿಸ್ತರಿಸಲಿ. ಉತ್ತರ ಸರಿಯೋ ತಪ್ಪೋ ಎಂಬುದಕ್ಕೆ ಅಂಕ ಹಾಕುವ ಕೆಲಸ ಮಾಚೇನಹಳ್ಳಿಯ ಕೂಲಿಯವರದಾಗಲಿ.