ಹಾಲು ಹೆಚ್ಚದಿದ್ದರೆ?



ನಾನು ವಾಣಿಜ್ಯ ಓದಿದವನು. ಶ್ರೀಮಠದ ಜಮಾ-ಖರ್ಚು ಬರೆಯುವುದು ನನ್ನ ಕಾಯಕ. ಹೀಗಾಗಿ ಮಠದ ದನದ ಕೊಟ್ಟಿಗೆಯನ್ನೂ ನಾನು ಬಹುಕಾಲ ಕಿರ್ದಿ ಪುಸ್ತಕದಲ್ಲಿಯೇ ನೋಡಿದವನು. ಕಳೆದ ಬೇಸಿಗೆಯಲ್ಲಿ ಹಿಂಡಿ, ಕಣಿಕೆಯ ಖರ್ಚು ಏರಿತು, ಹಾಲು ಇಳಿಯಿತು. ಕೊಟ್ಟಿಗೆ ನೋಡಿಕೊಳ್ಳುವ ಹಿರಿಯರನ್ನು ಕಾರಣ ಕೇಳಿದೆ. ಅವರು ಹೇಳಿದ್ದು ಒಂದೇ ಮಾತು: “ಸಾಹೇಬ್ರ, ಆಕಳು ಮಲಗವಲ್ಲವು.”

ಹೋಗಿ ನೋಡಿದರೆ ಮಾತು ನಿಜವಾಗಿತ್ತು. ಕರೆಯುವ ಆಕಳಿಗೆ ದಿನಕ್ಕೆ ಸುಮಾರು 12 ತಾಸು ಮಲಗುವುದು ಬೇಕು. ಆಗಲೇ ಅದು ನೆಮ್ಮದಿಯಿಂದ ಮೆಲುಕು ಹಾಕುತ್ತದೆ, ಗೊರಸಿಗೆ ವಿಶ್ರಾಂತಿ ಸಿಗುತ್ತದೆ. ನಾವೋ, ಸ್ವಚ್ಛವಿರಲೆಂದು ಬರಿಯ ಸಿಮೆಂಟು ನೆಲ ಮಾಡಿಸಿ, ಗಿಡ್ಡ ಕಣ್ಣಿಯಿಂದ ಬಿಗಿದಿದ್ದೆವು. ಮೇಲೆ ಕಾದ ತಗಡು. ನಮ್ಮ ಖಿಲಾರಿ ತಳಿ ತಡೆಯುವಷ್ಟು ಬಿಸಿಲನ್ನು ಎಚ್.ಎಫ್. ಮಿಶ್ರತಳಿ ತಡೆಯಲಾರದು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದ್ದರೂ ನಾವು ನೀರು ತೋರಿಸುತ್ತಿದ್ದುದು ದಿನಕ್ಕೆ ಎರಡೇ ಸಲ.

ನೆಲಕ್ಕೆ ಉಸುಕು ಹಾಕಿಸಿದೆವು. ಕಣ್ಣಿ ಉದ್ದ ಮಾಡಿದೆವು. ತಗಡಿನ ಮೇಲೆ ಕಣಿಕೆ ಹೊದಿಸಿ, ನೀರಿನ ತೊಟ್ಟಿ ಸದಾ ತುಂಬಿರುವಂತೆ ನೋಡಿಕೊಂಡೆವು. ಹಿಂಡಿದ ಕೂಡಲೇ ಮೊಲೆಯ ತೂತು ಮುಚ್ಚಿರುವುದಿಲ್ಲ. ಆಕಳು ಆಗಲೇ ಮಲಗಿದರೆ ಕೆಚ್ಚಲು ಬಾವಿನ ಭಯ. ಆದ್ದರಿಂದ ಹಿಂಡಿದ ಮೇಲೆ ಮೇವು ಹಾಕಿ ಅರ್ಧ ತಾಸು ನಿಲ್ಲಿಸುವ ರೂಢಿ ಮಾಡಿದೆವು. ತಿಂಗಳೊಪ್ಪತ್ತಿನಲ್ಲಿ ಹಾಲು ಹೆಚ್ಚಿತು.

ನಾನು ಹಿಗ್ಗಿನಿಂದ ಪೂಜ್ಯರ ಮುಂದೆ ಲೆಕ್ಕ ಇಟ್ಟೆ. “ಅಪ್ಪಾರ, ದಯೆಯಿಂದ ಲಾಭವೂ ಆಯ್ತರಿ” ಎಂದೆ. ಪೂಜ್ಯರು ಪುಸ್ತಕ ಮುಚ್ಚಿ ಕೇಳಿದರು: “ಹಾಲು ಹೆಚ್ಚದಿದ್ದರ ಆ ಉಸುಕು ತೆಗಸತಿದ್ರೇನು?”

ನನಗೆ ಉತ್ತರ ಹೊಳೆಯಲಿಲ್ಲ.

ಆಕಳ ಸುಖ ಮತ್ತು ನಮ್ಮ ಲಾಭ ಒಂದೇ ದಾರಿಯಲ್ಲಿ ನಡೆಯುವಷ್ಟು ದಿನ ನಾವು ದಯಾವಂತರೋ ಲೆಕ್ಕಿಗರೋ ಎಂಬುದು ನಮಗೇ ತಿಳಿಯದು. ದಾರಿ ಕವಲೊಡೆದಾಗ ಅದು ತಿಳಿಯುತ್ತದೆ. ಹೋರಿಗರು ಹುಟ್ಟಿದ ದಿನ, ಆಕಳು ಗೊಡ್ಡು ಬಿದ್ದ ದಿನ, ಮುಪ್ಪಾದ ದಿನ ನಮ್ಮ ಪರೀಕ್ಷೆ. ಅವಕ್ಕೂ ಅದೇ ನೆರಳು, ಅದೇ ನೀರು ಉಂಟೋ?

“ಮಠಕ್ಕೇನು, ಭಕ್ತರು ಕೊಡುತ್ತಾರೆ, ಎರಡು ಆಕಳಿನ ಮೇಲೆ ಸಂಸಾರ ನಡೆಸುವವನು ಏನು ಮಾಡಬೇಕು?” ಎಂದು ಜತ್ತ, ಅಕ್ಕಲಕೋಟ ಕಡೆಯ ರೈತಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಿಮಗೆ ದಯೆ ಕಲಿಸುವ ಯೋಗ್ಯತೆ ನನಗಿಲ್ಲ. 2012-13ರ ಬರದಲ್ಲಿ ಚಾರಾ ಛಾವಣಿಗಳಲ್ಲಿ ಹಯನಿನ ದನಗಳಷ್ಟೇ ಇರಲಿಲ್ಲ, ಎತ್ತು-ಕರುಗಳೂ ಇದ್ದವು. ಅವುಗಳ ಪಕ್ಕದಲ್ಲಿ ತಿಂಗಳುಗಟ್ಟಲೆ ಮಲಗಿದವರು ನೀವು.

ಆದರೂ ಲೆಕ್ಕ ಬಲ್ಲವನಾಗಿ ಒಂದು ಮಾತು. ಯಂತ್ರ ಕೊಂಡವನು ಪ್ರತಿವರ್ಷ ಸವಕಳಿ ಎಂದು ತೆಗೆಯುತ್ತಾನೆ. ಆಕಳಿಗೆ ನಾವು ಅದನ್ನೂ ತೆಗೆಯುವುದಿಲ್ಲ. ಲೀಟರಿಗೆ ಒಂದು ರೂಪಾಯಿ ಬೇರೆ ಇಡಿರಿ. ಸೂಲಿಗೆ 2,000 ಲೀಟರಿನಂತೆ ಐದು ಸೂಲಿಗೆ 10,000 ರೂಪಾಯಿ. ಮುಪ್ಪಿನ ಎಲ್ಲ ವರ್ಷಗಳಿಗೆ ಅದು ಸಾಲದು, ಒಪ್ಪುತ್ತೇನೆ. ಆದರೆ ಕಷ್ಟದ ದಿನ ಬರಿಗೈಯಲ್ಲಿ ನಿಲ್ಲುವುದು ತಪ್ಪೀತು. ಯಂತ್ರದ ಸವಕಳಿ ಹೊಸ ಯಂತ್ರಕ್ಕೆ ಸಲ್ಲುತ್ತದೆ. ಈ ಹಣ ಮಾತ್ರ ಅದನ್ನು ದುಡಿದ ಆಕಳಿಗೇ ಸಲ್ಲತಕ್ಕದ್ದು.

ಶ್ರೀಮಠದ ಪುಸ್ತಕದಲ್ಲಿ ಈ ಯುಗಾದಿಯಿಂದ ಆ ಕಲಮು ಸೇರಿಸಿದ್ದೇನೆ. ಮೂಲೆಯಲ್ಲಿ ಕಟ್ಟಿದ ಮುದಿ ಆಕಳಿನ ಕಾಲಬುಡಕ್ಕೂ ಉಸುಕು ಬಿದ್ದಿದೆ. ಅದು ಹಾಲು ಕೊಡುವುದಿಲ್ಲ. ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗಿ ಮೆಲುಕು ಹಾಕುತ್ತದೆ. ಪೂಜ್ಯರ ಪ್ರಶ್ನೆಗೆ ಸದ್ಯಕ್ಕೆ ನನ್ನಲ್ಲಿರುವ ಉತ್ತರ ಅಷ್ಟೇ.



— ಕಾರ್ಯದರ್ಶಿ, ಶ್ರೀಮಠ