ಕೆಂಪು ಗೆರೆಯ ಕೇರಿಗೆ ಇಂಟರ್ನೆಟ್

ಅಮೆರಿಕದಲ್ಲಿ ಬಿಳಿಯರ ಪೈಕಿ ನೂರಕ್ಕೆ 80 ಮಂದಿಯ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಕಪ್ಪು ಜನರಲ್ಲಿ 71 ಮಂದಿಗೆ ಮಾತ್ರ ಇದೆ ಎಂದಿತ್ತು ಪ್ಯೂ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆ. ಈ ಒಂಬತ್ತರ ವ್ಯತ್ಯಾಸದ ಬಗ್ಗೆಯೇ ಕ್ಲೀವ್‌ಲ್ಯಾಂಡ್‌ನಲ್ಲಿ ಶಿಕ್ಷಕಿಯಾಗಿರುವ ಸುಮಾ ಮತ್ತು ದೂರವಾಣಿ ಇಲಾಖೆಯ ನಿವೃತ್ತ ಎಂಜಿನಿಯರ್ ಆದ ಅವಳ ಸೋದರಮಾವ ರಾಯರ ನಡುವೆ ವಾದ ಹತ್ತಿತ್ತು.

"ತಂತಿಗೆ ಮೈಬಣ್ಣ ಗೊತ್ತಾಗುತ್ತದೇನೇ ಸುಮಾ? ಗಿರಾಕಿ ಇರುವ ಕಡೆ ಕಂಪನಿ ಹೋಗುತ್ತದೆ, ಅಷ್ಟೆ" ಎಂದರು ರಾಯರು.

"ತಂತಿಗೆ ಗೊತ್ತಾಗಲ್ಲ ಮಾವ. ನಕ್ಷೆ ಬರೆದವರಿಗೆ ಗೊತ್ತಿತ್ತು."

1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಊರೂರಿನ ನಕ್ಷೆ ತಯಾರಿಸಿ, ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಕೆಂಪು ಎಂದರೆ ಅಲ್ಲಿ ಸಾಲ ಅಪಾಯಕರ. ಆ ಬಡಾವಣೆಗಳಲ್ಲಿ ಬಹಳಷ್ಟು ಬಡವಾಗಿಯೇ ಉಳಿದವು. 2017ರಲ್ಲಿ ಎನ್‌ಡಿಐಎ ಎಂಬ ಸಂಘಟನೆಯ ವರದಿ, ಕ್ಲೀವ್‌ಲ್ಯಾಂಡ್‌ನ ಬಡ ಬಡಾವಣೆಗಳಲ್ಲಿ ಎಟಿ ಅಂಡ್ ಟಿ ಎಂಬ ದೂರಸಂಪರ್ಕ ಕಂಪನಿ ತನ್ನ ಹಳೆಯ ಜಾಲವನ್ನು ಮೇಲ್ದರ್ಜೆಗೆ ಏರಿಸಿಲ್ಲ ಎಂದಿತು. ಅದೇ ವರ್ಷ ಊರಿನ ಮೂವರು ಕಪ್ಪು ಮಹಿಳೆಯರು ದೂರಸಂಪರ್ಕ ಆಯೋಗಕ್ಕೆ ದೂರು ಕೊಟ್ಟರು. ಕಂಪನಿ ಆರೋಪವನ್ನು ಒಪ್ಪಲಿಲ್ಲ.

"ಹಾಗಿದ್ದರೆ ಬಡವರಿಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಡಲಿ."

"ಕೇಂದ್ರ ಸರ್ಕಾರ ಕೊಟ್ಟಿತಲ್ಲ! ತಿಂಗಳಿಗೆ 30 ಡಾಲರ್‌ವರೆಗೆ, 2.3 ಕೋಟಿ ಮನೆಗಳಿಗೆ. ಹಣ ಮುಗಿಯಿತು, 2024ರ ಜೂನ್ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ನನ್ನ ಕ್ಲಾಸಿನ ಒಬ್ಬಳು ಹುಡುಗಿಯ ತಾಯಿ ಈಗ ಮೊಬೈಲಿನಲ್ಲೇ ಕೆಲಸದ ಅರ್ಜಿ ತುಂಬುತ್ತಾರೆ. ಬಯೋಡೇಟಾ ಅಪ್‌ಲೋಡ್ ಆಗುವಷ್ಟರಲ್ಲಿ ಲಾಗಿನ್ ಹೋಗಿರುತ್ತದೆ. ಮತ್ತೆ ಹೆಸರು, ವಿಳಾಸದಿಂದ ಶುರು."

ರಾಯರು ತುಸು ಹೊತ್ತು ಮಾತಾಡಲಿಲ್ಲ. "ನಮ್ಮ ಹಳ್ಳಿ ಎಕ್ಸ್‌ಚೇಂಜುಗಳೂ ಲಾಭಕ್ಕೆ ನಡೆದವಲ್ಲ, ನಿಜ. ಪಟ್ಟಣದವರ ಎಸ್‌ಟಿಡಿ ಬಿಲ್ಲಿನಿಂದ ನಡೆದವು. ಆದರೆ ಅದು ಸರ್ಕಾರದ ಔದಾರ್ಯ."

"ಅಲ್ಲೇ ನಾನು ಒಪ್ಪುವುದಿಲ್ಲ. ದಾನ ಕೊಡುವವನು ಬೇಡವೆನಿಸಿದಾಗ ನಿಲ್ಲಿಸಬಹುದು, ಸಾಲ ತೀರಿಸಬೇಕಾದವನಿಗೆ ಆ ಸ್ವಾತಂತ್ರ್ಯವಿಲ್ಲ. ಇದು ಸಾಲ ಮಾವ."

"ಯಾರ ಸಾಲ? ಆ ನಕ್ಷೆ ಬರೆದವರು ಎಂದೋ ಸತ್ತರು."

"ಕೆಂಪು ಗೆರೆಯ ಆಚೆ ಮನೆ ಕೊಂಡವರ ಆಸ್ತಿ ಬೆಳೆದು ಮೊಮ್ಮಕ್ಕಳ ಕೈಸೇರಿತು. ಆಸ್ತಿಗೆ ವಾರಸುದಾರರಾದವರು ಸಾಲಕ್ಕೂ ಆಗಬೇಡವೇ?"

ಇದಕ್ಕೆ ರಾಯರ ಬಳಿ ನೇರ ಉತ್ತರವಿರಲಿಲ್ಲ. ಆದರೆ ಎಂಜಿನಿಯರನ ಪ್ರಶ್ನೆಯೊಂದು ಇತ್ತು, ಗಟ್ಟಿ ಪ್ರಶ್ನೆಯೇ: ಸಾಲ ತೀರಿತು ಅನ್ನೋಣ, ಜಾಲವನ್ನು ನೋಡಿಕೊಳ್ಳುವವರು ಯಾರು?

ಸುಮಾ ಡೆಟ್ರಾಯಿಟ್‌ನ ಉದಾಹರಣೆ ಕೊಟ್ಟಳು. 2016ರಲ್ಲಿ ಶುರುವಾದ ಇಕ್ವಿಟೆಬಲ್ ಇಂಟರ್ನೆಟ್ ಇನಿಶಿಯೇಟಿವ್ ಮೂರು ಬಡಾವಣೆಗಳನ್ನು ಆರಿಸಿಕೊಂಡಿತು. ಐಲ್ಯಾಂಡ್‌ವ್ಯೂದಲ್ಲಿ ಅದರ ನೆಲೆ ಒಂದು ಚರ್ಚು. ಅಲ್ಲಿಂದ ಸಿಗ್ನಲ್ ಮನೆಮನೆಯ ಮಾಡಿನ ಮೇಲಿನ ಪುಟ್ಟ ಆಂಟೆನಾಗಳಿಗೆ ಹೋಗುತ್ತದೆ. ಏಣಿ ಹತ್ತಿ ಅವನ್ನು ಕೂರಿಸುವವರು, ಕೆಟ್ಟರೆ ಸರಿಪಡಿಸುವವರು ತರಬೇತಿ ಪಡೆದ ಅದೇ ಕೇರಿಯ ಜನ. ಅವರನ್ನು 'ಡಿಜಿಟಲ್ ಸ್ಟುವರ್ಡ್' ಎನ್ನುತ್ತಾರೆ.

"ಮೂರು ಬಡಾವಣೆ ಸರಿ. ಇಡೀ ಊರಿಗೆ?"

"ಅದಕ್ಕೆ ನಗರಸಭೆಯೇ ಬೇಕು" ಎಂದಳು ಸುಮಾ.

ರಾಯರು ಈ ಮಾತನ್ನು ತಕರಾರಿಲ್ಲದೆ ಒಪ್ಪಿದರು. ಒಪ್ಪಬೇಕಾದ ಮಾತೇ ಅದು, ಕೇಂದ್ರದ ಹಣವನ್ನು ನೆಚ್ಚಿಕೊಳ್ಳುವಂತಿಲ್ಲ. ಡಿಜಿಟಲ್ ಸಮಾನತೆಗೆಂದು ಕಾನೂನು ತೆಗೆದಿಟ್ಟಿದ್ದ 275 ಕೋಟಿ ಡಾಲರಿನ ಕಾರ್ಯಕ್ರಮವನ್ನು 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಜನಾಂಗಭೇದದ್ದೆಂದು ಕರೆದು ನಿಲ್ಲಿಸಹೊರಟರು. ಅದಕ್ಕೂ ಮೊದಲೇ, 2023ರಲ್ಲಿ, ಕ್ಲೀವ್‌ಲ್ಯಾಂಡ್ ನಗರ ಕೋವಿಡ್ ಪರಿಹಾರ ನಿಧಿಯಿಂದ 2 ಕೋಟಿ ಡಾಲರನ್ನು ಡಿಜಿಟಲ್‌ಸಿ ಎಂಬ ಲಾಭರಹಿತ ಸಂಸ್ಥೆಗೆ ಕೊಡಲು ನಿರ್ಧರಿಸಿತ್ತು. ಆ ಸಂಸ್ಥೆ ನಗರದ ಮನೆಗಳಿಗೆ ಕೊಡುವ ಸಂಪರ್ಕದ ದರ ತಿಂಗಳಿಗೆ 18 ಡಾಲರ್.