‘ಅವನೇ ಇವನು’ ಎಂಬ ನಿರ್ಣಯ

ಬಾದಾಮಿಯ ಒಂದನೆಯ ಗುಹೆಯ ಪ್ರವೇಶದ ಬಳಿ, ದ್ವಾರಪಾಲನ ಕೆಳಗೆ, ಒಂದೇ ತಲೆಯನ್ನು ಹಂಚಿಕೊಂಡ ಎರಡು ಪ್ರಾಣಿಗಳ ಶಿಲ್ಪವೊಂದಿರುವದು. ಒಂದು ಕಡೆಯಿಂದ ನೋಡಿದರೆ ಆನೆ. ಮತ್ತೊಂದು ಕಡೆಯಿಂದ ನೋಡಿದರೆ ಬಸವ. ಆ ತಲೆಯು ಯಾರದು? ಇಲ್ಲಿಯ ವರೆಗೆ ಆನೆ, ಇಲ್ಲಿಂದ ಮುಂದೆ ಬಸವ ಎಂಬ ಗೆರೆಯು ಕಲ್ಲಿನಲ್ಲಿಲ್ಲ. ನೋಡುವವನು ಯಾವ ಪ್ರಾಣಿಯನ್ನು ಅರಸುವನೋ ಆ ಪ್ರಾಣಿಯ ಮೇರೆಯೊಳಗೆ ತಲೆಯು ಬಂದು ಸೇರುವದು. ಚಾಲುಕ್ಯರ ಕಾಲದ ಶಿಲ್ಪಿಯು ಬಹುಶಃ ವಿನೋದಕ್ಕಾಗಿ ಒಡ್ಡಿದ ಈ ಒಗಟೇ, ಗಣಕಯಂತ್ರಕ್ಕೆ ಕಣ್ಣು ಕೊಡಲು ಹೊರಟ ಇಂದಿನ ವಿದ್ವಾಂಸರ ಮುಂದೆ ಬೇರೊಂದು ವೇಷದಿಂದ ನಿಂತಿರುವದು.

ಕ್ಯಾಮೆರಾ ಹಿಡಿಯುವ ಚಲಚ್ಚಿತ್ರದಲ್ಲಿ ವಾಸ್ತವವಾಗಿ ಚಲನೆಯೆಂಬುದಿಲ್ಲ. ಸೆಕೆಂಡಿಗೆ 25 ಅಥವಾ 30ರಂತೆ ಸಾಲಾಗಿ ಬಂದ ನಿಶ್ಚಲ ಚಿತ್ರಗಳೇ ಅದರ ಸರ್ವಸ್ವ. ಪ್ರತಿಯೊಂದು ಚಿತ್ರವೂ ಬಣ್ಣದ ಚುಕ್ಕೆಗಳ ರಾಶಿ. ಅದರಲ್ಲಿ ‘ಆಕಳು’ ಎಂದಾಗಲಿ ‘ಗಿಡ’ ಎಂದಾಗಲಿ ಬರೆದಿರುವದಿಲ್ಲ. ಈ ಚುಕ್ಕೆಗಳಲ್ಲಿ ಯಾವವು ಒಂದೇ ವಸ್ತುವಿಗೆ ಸೇರಿದವೆಂದು ಮೇರೆ ಹಾಕುವದು ಮೊದಲನೆಯ ಕೆಲಸ, ಇದಕ್ಕೆ ವಿಭಜನವೆನ್ನಬಹುದು. ಹಾಗೆ ಮೇರೆ ಹಾಕಿದ ವಸ್ತುವೇ ಮುಂದಿನ ಚಿತ್ರಗಳಲ್ಲಿ ಎಲ್ಲೆಲ್ಲಿರುವದೆಂದು ಕಂಡುಹಿಡಿಯುತ್ತ ಹೋಗುವದು ಎರಡನೆಯದು, ಇದು ಅನುಸರಣ. ಮೊದಲನೆಯದು ‘ಯಾವುದು ಒಂದು?’ ಎಂದು ಕೇಳುವದು. ಎರಡನೆಯದು ‘ಅದೇ ಇದೋ?’ ಎಂದು ಕೇಳುವದು. ಎರಡೂ ದರ್ಶನಶಾಸ್ತ್ರದ ಪ್ರಾಚೀನ ಪ್ರಶ್ನೆಗಳು.

1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರದ ಗೋಶಾಲೆಯ ದನಗಳು ಸಂಜೆಗೆ ಮಲಪ್ರಭೆಯ ದಂಡೆಯಿಂದ ಮರಳುತ್ತಿರುವವೆಂದೂ ಅಲ್ಲೊಂದು ಕ್ಯಾಮೆರಾ ಇರುವದೆಂದೂ ವಾಚಕರು ಊಹಿಸಿಕೊಳ್ಳಬೇಕು. ನೆಲವು ನಿಂತಿರುವದು, ದನಗಳು ನಡೆಯುವವು. ಆದ್ದರಿಂದ ಒಂದು ಚಿತ್ರದಿಂದ ಮತ್ತೊಂದಕ್ಕೆ ಬದಲಾದ ಚುಕ್ಕೆಗಳನ್ನು ಆರಿಸಿದರೆ ದನಗಳು ದೊರೆಯುವವೆಂಬುದು ಹಳೆಯ ಉಪಾಯ. ಆದರೆ ಗಾಳಿಗೆ ಗಿಡವೂ ಅಲ್ಲಾಡುವದು. ನಿಂತು ಮೆಲುಕುಹಾಕುವ ಆಕಳು ನೆಲದೊಳಗೇ ಲೀನವಾಗುವದು! ಕೂಡಿ ಚಲಿಸುವವುಗಳನ್ನು ಮನಸ್ಸು ಒಂದೆಂದು ಗ್ರಹಿಸುವದೆಂದು ಜರ್ಮನಿಯ ಮ್ಯಾಕ್ಸ್ ವರ್ತೈಮರನು 1923ರಲ್ಲಿ ತೋರಿಸಿದ್ದನು. ಚುಕ್ಕೆಗಳ ಗತಿಯನ್ನು ಗಣಿತದಿಂದ ಅಳೆಯುವ ಎರಡು ಪ್ರಸಿದ್ಧ ರೀತಿಗಳು 1981ರಲ್ಲಿ ಹೊರಬಿದ್ದವು. ವಸ್ತುವು ಮರೆಯಾದಾಗ ಅದರ ಹಿಂದಿನ ಸ್ಥಾನ-ವೇಗಗಳಿಂದ ಮುಂದಿನ ಸ್ಥಾನವನ್ನು ಅಂದಾಜು ಮಾಡುವದಕ್ಕೆ 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ ಗಣಿತವು ಒದಗಿತು. ಇಷ್ಟೆಲ್ಲ ಇದ್ದರೂ ಬಿಳಿಯ ಆಕಳೊಂದು ಗಿಡದ ಹಿಂದೆ ಹೋಗಿ, ಅದರಂಥದೇ ಇನ್ನೊಂದು ಹೊರಗೆ ಬಂದರೆ ಯಂತ್ರವು ತಬ್ಬಿಬ್ಬಾಗುವದುಂಟು. ದನಗಾಹಿಯು ಆಗುವದಿಲ್ಲ, ಅವನು ಕೋಡಿನ ಓರೆಯನ್ನೂ ನಡಿಗೆಯನ್ನೂ ಬಲ್ಲನು.

2024ರಲ್ಲಿ ಮೆಟಾ ಕಂಪನಿಯು ಹೊರತಂದ ‘ಸೆಗ್ಮೆಂಟ್ ಎನಿಥಿಂಗ್ 2’ ಎಂಬ ವ್ಯವಸ್ಥೆಯು ಈ ದಾರಿಯಲ್ಲಿ ಬಹುದೂರ ಸಾಗಿದೆ. ಮನುಷ್ಯನು ಒಂದು ಚಿತ್ರದಲ್ಲಿ ಒಂದು ಚುಕ್ಕೆಯನ್ನು ಬೆರಳಿಟ್ಟು ತೋರಿಸಿದರೆ ಸಾಕು. ಅದು ವಸ್ತುವಿನ ಮೇರೆಯನ್ನು ಬರೆದು, ಇತ್ತೀಚಿನ ಕೆಲವು ಚಿತ್ರಗಳ ನೆನಪನ್ನು ಇಟ್ಟುಕೊಂಡು, ಮುಂದೆ ಮುಂದೆ ಅನುಸರಿಸುವದು. ವಸ್ತುವು ಮರೆಯಾಗಿದೆಯೋ ಇಲ್ಲವೋ ಎಂಬುದನ್ನೂ ಅಂದಾಜಿಸುವದು. ಆದರೆ ಆಕಳ ಕೊರಳ ಗಂಟೆಯ ಮೇಲೆ ಬೆರಳಿಟ್ಟರೆ ತೋರಿಸಿದ್ದು ಗಂಟೆಯನ್ನೋ, ಕೊರಳನ್ನೋ, ಆಕಳನ್ನೋ? ಇಂಥಲ್ಲಿ ಅದು ಒಂದಕ್ಕಿಂತ ಹೆಚ್ಚು ಮೇರೆಗಳನ್ನು ಬರೆದು ಮುಂದಿಡಬಲ್ಲದು. ಇದು ಯಂತ್ರದ ದೌರ್ಬಲ್ಯವಲ್ಲ, ಅದರ ಪ್ರಾಮಾಣಿಕತೆ. ಒಂದು ವಸ್ತುವೆಂಬುದು ಯಾವುದೆಂದು ಗೊತ್ತುಮಾಡಿದವನು ಬೆರಳಿಟ್ಟವನೇ.

ಇನ್ನು ‘ಅದೇ ಇದು’ ಎಂಬ ಜ್ಞಾನ. ಇದನ್ನೇ ಪ್ರಾಚೀನರು ಪ್ರತ್ಯಭಿಜ್ಞೆಯೆಂದರು. ವಸ್ತುಗಳು ಕ್ಷಣಕ್ಷಣಕ್ಕೆ ಹುಟ್ಟಿ ಅಳಿಯುವವು, ದೀಪದ ಕುಡಿಯಂತೆ ಒಂದರಂತೆ ಒಂದಿರುವದರಿಂದಲೇ ‘ಅದೇ’ ಎಂಬ ಭ್ರಮೆಯುಂಟಾಗುವದು, ಎಂದು ಕ್ಷಣಿಕವಾದಿಗಳಾದ ಬೌದ್ಧರು ವಾದಿಸಿದರು. ಯಂತ್ರದ ಸ್ಥಿತಿಯು ಅಕ್ಷರಶಃ ಇದೇ: ಅದಕ್ಕೆ ದೊರೆತದ್ದು ಕ್ಷಣಗಳ ಸಾಲು, ಅದರ ಬಂಡವಾಳವು ಸಾದೃಶ್ಯ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ವಾದವನ್ನು ಖಂಡಿಸುವಾಗ ಸೂಕ್ಷ್ಮವಾದ ಮಾತೊಂದನ್ನು ಒಪ್ಪಿಕೊಂಡಿರುವರು. ಹೊರಗಿನ ವಸ್ತುವಿನಲ್ಲಿ ‘ಅದೇ ಇದೋ, ಅದರಂಥದೋ’ ಎಂಬ ಸಂದೇಹವು ಒಮ್ಮೊಮ್ಮೆ ಬರಬಹುದು. ಆದರೆ ನಿನ್ನೆ ಕಂಡವನು ನಾನೋ ನನ್ನಂಥವನೋ ಎಂಬ ಸಂದೇಹವು ಕಂಡವನಿಗೆ ಎಂದೂ ಬಾರದು ಎಂಬುದು ಅವರ ಅಭಿಪ್ರಾಯ.

ಈ ಭೇದವು ಗ್ರಂಥದಲ್ಲಷ್ಟೇ ಉಳಿಯುವಂಥದಲ್ಲ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುವಾಗ ಕೆಂಪು ಸೆರಗಿನ ಇಳಕಲ್ಲ ಸೀರೆಯುಟ್ಟ ಹೆಂಗಸರು ಎಷ್ಟು ಜನ! ಅವರಲ್ಲಿ ಇಬ್ಬರು ತೇರಿನ ಮರೆಯಲ್ಲಿ ಹಾದುಹೋದರೆ ಯಂತ್ರವು ಒಬ್ಬಳ ಅಂಕೆಯನ್ನು ಇನ್ನೊಬ್ಬಳಿಗೆ ಅಂಟಿಸಬಹುದು. ಈ ತಪ್ಪು ಆ ಶಾಸ್ತ್ರಕ್ಕೆ ಚಿರಪರಿಚಿತವಾದುದು. ದನಗಳಲ್ಲಾದರೆ ಎಣಿಕೆ ಕೆಡುವದು, ಅಷ್ಟೇ. ಮನುಷ್ಯರಲ್ಲಾದರೆ, ಮೊದಲನೆಯವಳು ಮಾಡಿದ್ದು ಅವಳನ್ನು ಬಿಟ್ಟುಹೋಗುವದು. ಎರಡನೆಯವಳು ಮಾಡದ್ದು ಅವಳ ತಲೆಗೆ ಬರುವದು. ಕ್ಷಣಿಕವಾದಕ್ಕೆ ಇತರ ದರ್ಶನಕಾರರು ಹೊರಿಸಿದ ದೋಷವೂ ಇದೇ: ಕೃತನಾಶ, ಅಕೃತಾಭ್ಯಾಗಮ. ಬೆಂಗಳೂರಿನ ‘ಸೇಫ್ ಸಿಟಿ’ ಯೋಜನೆಯಲ್ಲಿ ಬೀದಿಗಳಿಗೆ ಸಾವಿರಾರು ಕ್ಯಾಮೆರಾಗಳು ಬಂದಿರುವ ಈ ಕಾಲದಲ್ಲಿ ಇದು ತರ್ಕದ ದೋಷವಾಗಿ ಮಾತ್ರ ಉಳಿಯಲಾರದು.

ಸಾದೃಶ್ಯದಿಂದ ನಿಶ್ಚಯವು ಎಂದೂ ದೊರೆಯದೆಂದು ಹೇಳುವದೂ ಸರಿಯಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆಗಳನ್ನು ಛಾಯಾಚಿತ್ರಗಳಲ್ಲಿ ಹೋಲಿಸಿ, ಒಂದೊಂದು ಹುಲಿಯನ್ನೂ ಗುರುತಿಸಿ ಸಂಖ್ಯೆಯನ್ನು ಅಂದಾಜು ಮಾಡುವ ರೀತಿಯನ್ನು 1995ರಲ್ಲಿ ಪ್ರಕಟಿಸಿದರು. ಎರಡು ಹುಲಿಗಳ ಪಟ್ಟೆಗಳು ಒಂದೇ ಆಗಿರುವದಿಲ್ಲ. ಒಂದೇ ಹುಲಿಯ ಎರಡು ಪಕ್ಕೆಗಳ ಪಟ್ಟೆಗಳೂ ಬೇರೆಬೇರೆ. ಅದಕ್ಕೆಂದೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡುವರು. ಅಲ್ಲಿ ಗುರುತು ಹುಟ್ಟಿನಿಂದ ಬಂದದ್ದು, ಸೀರೆಯಂತೆ ಉಟ್ಟದ್ದಲ್ಲ. ಮತ್ತು ಹುಲಿಯನ್ನು ‘ನಿನ್ನೆ ಬಂದವನು ನೀನೇ ಏನು?’ ಎಂದು ಕೇಳುವಂತಿಲ್ಲ.

ಮನುಷ್ಯನನ್ನು ಕೇಳಬಹುದು. ಸಂದೇಹವಿಲ್ಲದ ಜ್ಞಾನವು ಯಾರಲ್ಲಿರುವದೋ ಅವನನ್ನು ಬಿಟ್ಟು, ಸಂದೇಹಕ್ಕೆ ಎಡೆಯಿರುವ ಸಾದೃಶ್ಯದ ಮೇಲೆಯೇ ತೀರ್ಪು ಕೊಡುವದು ಅನ್ಯಾಯ. ಹಾಗಾದರೆ ಅಪರಾಧಿಯೂ ‘ಅವನು ನಾನಲ್ಲ’ ಎನ್ನಲಾರನೇ? ಕೇಳತಕ್ಕ ಪ್ರಶ್ನೆಯೇ. ತನ್ನ ವಿಷಯದಲ್ಲಿ ತನಗೆ ಸಂದೇಹವಿಲ್ಲವೆಂದ ಮಾತ್ರಕ್ಕೆ ತಿಳಿದುದನ್ನು ಅವನು ನಿಜವಾಗಿ ನುಡಿಯುವನೆಂದು ಸಿದ್ಧವಾಗುವದಿಲ್ಲ. ಆದರೆ ಅವನ ಮಾತಿಗೆ ಎದುರಾಗಿ ನಿಲ್ಲತಕ್ಕದ್ದು ಬೇರೆ ಜಾತಿಯ ಸಾಕ್ಷ್ಯ: ಆ ಹೊತ್ತಿನಲ್ಲಿ ಅವನನ್ನು ಕಂಡು ಮಾತಾಡಿಸಿದ ಅಂಗಡಿಕಾರ, ಅವನು ಕೊಂಡ ಬಸ್ಸಿನ ಚೀಟಿ. ಒಂದೇ ಚಿತ್ರವನ್ನು ಎರಡು ಯಂತ್ರಗಳಿಗೆ ತೋರಿಸಿ, ಎರಡೂ ಒಪ್ಪಿದವೆಂದರೆ ಸಾಕ್ಷಿಗಳು ಇಬ್ಬರಾದಂತಲ್ಲ. ಠಾಣೆಯ ದಪ್ತರದಲ್ಲಿ ‘ಇವನೇ’ ಎಂದು ಬರೆಯುವ ಬದಲು ‘ಇವನಂಥವನು’ ಎಂದು ಬರೆದರೆ ತನಿಖೆಯೇನೂ ನಿಲ್ಲುವದಿಲ್ಲ. ಆ ಅಂಗಡಿಕಾರನನ್ನು ಹುಡುಕಿಕೊಂಡು ಯಾರಾದರೊಬ್ಬರು ಎದ್ದು ಹೋಗಬೇಕಾಗುವದು.